ರೈತರಲ್ಲಿ ನಿದ್ರಾಹೀನತೆ: ದುಷ್ಪರಿಣಾಮಗಳು ಮತ್ತು ಪರಿಹಾರ ಕ್ರಮಗಳು

ರೇಷ್ಮೆ ಬೆಳೆಗಾರರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹುಳು ಜ್ವರಕ್ಕೆ ಕುಳಿತಾಗ ಅದನ್ನು ಮುಟ್ಟಬಾರದು, ಸೊಪ್ಪು ಕೊಡಬಾರದು, ತಟ್ಟೆಯನ್ನು ಅಲುಗಿಸಬಾರದು. ಮೇಲ್ನೋಟಕ್ಕೆ ಹುಳು ತಲೆಯೆತ್ತಿ ಸುಮ್ಮನೆ ಕುಳಿತಂತೆ ಕಾಣುತ್ತದೆ. ಆದರೆ ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ. ಸುಮಾರು ಒಂದು ದಿನದ ಈ ವಿಶ್ರಾಂತಿಗೆ ಭಂಗ ಬಂದರೆ ಹುಳುಗಳ ಬೆಳವಣಿಗೆ ಏರುಪೇರಾಗಿ ಗೂಡಿನ ಇಳುವರಿಗೆ ಪೆಟ್ಟು ಬೀಳುತ್ತದೆ. ಹುಳುವಿನ ಜ್ವರವೂ ಮನುಷ್ಯನ ನಿದ್ರೆಯೂ ಒಂದೇ ಅಲ್ಲ. ಆದರೂ ಎರಡರಲ್ಲಿಯೂ ಒಂದು ಪಾಠವಿದೆ. ಸುಮ್ಮನಿರುವಂತೆ ಕಾಣುವ ಹೊತ್ತಿನಲ್ಲಿಯೇ ದೇಹದೊಳಗೆ ದೊಡ್ಡ ಕೆಲಸ ನಡೆಯುತ್ತಿರುತ್ತದೆ. ಹುಳುವಿನ ವಿಶ್ರಾಂತಿಯನ್ನು ಇಷ್ಟು ಜೋಪಾನವಾಗಿ ಕಾಯುವ ರೈತರು ತಮ್ಮ ನಿದ್ರೆಯ ವಿಷಯದಲ್ಲಿ ಮಾತ್ರ ಅಷ್ಟೇ ಉದಾಸೀನರಾಗಿರುವುದು ಕಂಡುಬರುತ್ತದೆ.

ಬೇಸಾಯದಲ್ಲಿ ನಿದ್ರೆಗೆಡಲು ಕಾರಣಗಳು ಹಲವು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬರುವ ಕಡೆಗಳಲ್ಲಿ ನೀರು ಹಾಯಿಸಲು ನಡುರಾತ್ರಿ ಏಳಬೇಕಾಗುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಹಂದಿ ಮತ್ತು ಆನೆಗಳಿಂದ ಪೈರನ್ನು ಉಳಿಸಿಕೊಳ್ಳಲು ಅಟ್ಟಣೆಯ ಮೇಲೆ ಕಾವಲು ಕೂರಬೇಕು. ತರಕಾರಿ ಬೆಳೆಗಾರರು ಮಾರುಕಟ್ಟೆಗೆ ಬೆಳಗಿನ ಜಾವಕ್ಕೆ ಮೊದಲೇ ಮಾಲು ತಲುಪಿಸಬೇಕು. ಹಸು ಕರೆಯುವವರ ದಿನ ನಾಲ್ಕೂವರೆ, ಐದಕ್ಕೇ ಆರಂಭವಾಗುತ್ತದೆ. ರೈತ ಮಹಿಳೆಯರ ಪಾಡು ಇನ್ನೂ ಕಷ್ಟ. ಮನೆಯಲ್ಲಿ ಕೊನೆಗೆ ಮಲಗುವವರೂ ಮೊದಲು ಏಳುವವರೂ ಅವರೇ. ಇವೆಲ್ಲದರ ಮೇಲೆ ಸಾಲದ ಚಿಂತೆ, ಮಳೆಯ ಚಿಂತೆ, ಬೆಲೆಯ ಚಿಂತೆ ಬೇರೆ. ಆದುದರಿಂದ ನಿದ್ರಾಹೀನತೆಯಿಂದಾಗುವ ಹಾನಿಯನ್ನೂ ಅದರ ಪರಿಹಾರವನ್ನೂ ರೈತ ಕುಟುಂಬಗಳು ತಿಳಿದುಕೊಳ್ಳುವುದು ಅವಶ್ಯಕ.

ನಿದ್ರೆ ಸಾಲದಿರುವುದು ಬೇರೆ, ನಿದ್ರೆ ಬಾರದಿರುವುದು ಬೇರೆ

ಈ ಎರಡನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಮಲಗಲು ಹೊತ್ತು ಸಿಕ್ಕರೆ ಕೂಡಲೇ ನಿದ್ರೆ ಬರುತ್ತದೆ, ಆದರೆ ಕೆಲಸದ ದೆಸೆಯಿಂದ ಹೊತ್ತೇ ಸಿಗುವುದಿಲ್ಲ ಎಂಬುದು ಮೊದಲನೆಯ ಬಗೆ. ಇದು ನಿದ್ರೆಯ ಕೊರತೆ. ಹೊತ್ತೂ ಇದೆ, ಹಾಸಿಗೆಯೂ ಇದೆ, ಆದರೆ ನಿದ್ರೆ ಹತ್ತುವುದಿಲ್ಲ, ಹತ್ತಿದರೂ ನಡುವೆ ಎಚ್ಚರವಾಗಿ ಮತ್ತೆ ಬರುವುದಿಲ್ಲ, ಅಥವಾ ಬೆಳಗಿನ ಜಾವ ಮೂರಕ್ಕೇ ಕಣ್ಣು ತೆರೆದುಕೊಳ್ಳುತ್ತದೆ ಎಂಬುದು ಎರಡನೆಯ ಬಗೆ. ಇದು ನಿದ್ರಾಹೀನತೆ. ಇಂತಹ ತೊಂದರೆ ವಾರಕ್ಕೆ ಮೂರು ರಾತ್ರಿಯಾದರೂ ಇದ್ದು, ಮೂರು ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿದು, ಹಗಲಿನ ಕೆಲಸಕ್ಕೂ ಮನಸ್ಸಿಗೂ ಅಡ್ಡಿಯಾಗುತ್ತಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ವಯಸ್ಕರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಯಲ್ಲಿ ಈ ತೊಂದರೆ ಇರುವುದೆಂದು ಅಂದಾಜು.

ಈ ಎರಡು ಬಗೆಗಳ ಪರಿಹಾರವೂ ಬೇರೆ ಬೇರೆ. ಮೊದಲನೆಯದನ್ನು ಸರಿಪಡಿಸಬೇಕಾದುದು ಹೊಲದಲ್ಲಿ, ಎರಡನೆಯದನ್ನು ಹಾಸಿಗೆಯಲ್ಲಿ. ಮೊದಲನೆಯದನ್ನು ಬಹಳ ಕಾಲ ಹಾಗೆಯೇ ಬಿಟ್ಟರೆ ಅದು ಎರಡನೆಯದಕ್ಕೆ ದಾರಿ ಮಾಡಿಕೊಡಬಹುದು ಎಂಬುದನ್ನು ಮರೆಯಬಾರದು.

ನಿದ್ರೆಯಲ್ಲಿ ನಡೆಯುವುದೇನು?

ವಯಸ್ಕರಿಗೆ ದಿನಕ್ಕೆ 7 ಗಂಟೆ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ನಿದ್ರೆ ಬೇಕು. ನಿದ್ರೆ ಒಂದೇ ಸಮನಾಗಿ ಇರುವುದಿಲ್ಲ. ಸುಮಾರು 90 ನಿಮಿಷಗಳ ಸುತ್ತುಗಳಾಗಿ ಸಾಗುತ್ತದೆ. ಒಂದು ರಾತ್ರಿಯಲ್ಲಿ ಇಂತಹ ನಾಲ್ಕೈದು ಸುತ್ತುಗಳು ಬರುತ್ತವೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ರೆ ಹೆಚ್ಚು. ಆಗ ಬೆಳವಣಿಗೆಯ ಹಾರ್ಮೋನು ಸ್ರವಿಸಿ ದಣಿದ ಅಂಗಾಂಶಗಳ ದುರಸ್ತಿ ನಡೆಯುತ್ತದೆ. ರಕ್ತದೊತ್ತಡವೂ ಹಗಲಿಗಿಂತ ಶೇಕಡ 10ರಿಂದ 20ರಷ್ಟು ಇಳಿದು ಹೃದಯಕ್ಕೆ ಬಿಡುವು ಸಿಗುತ್ತದೆ. ಬೆಳಗಿನ ಜಾವದ ಭಾಗದಲ್ಲಿ ಕನಸುಗಳ ನಿದ್ರೆ ಹೆಚ್ಚು. ಕಲಿತದ್ದು ನೆನಪಿನಲ್ಲಿ ನಿಲ್ಲುವುದಕ್ಕೂ ಮನಸ್ಸಿನ ಭಾವನೆಗಳು ಹದಕ್ಕೆ ಬರುವುದಕ್ಕೂ ನಿದ್ರೆಯ ಈ ಎಲ್ಲ ಹಂತಗಳೂ ಬೇಕು.

ನಿದ್ರೆ ಬರುವುದು ಎರಡು ಶಕ್ತಿಗಳ ಕೂಡುವಿಕೆಯಿಂದ ಎಂದು ಜೂರಿಕ್ ನಗರದ ವಿಜ್ಞಾನಿ ಬೊರ್ಬೇಲಿ 1982ರಲ್ಲಿ ವಿವರಿಸಿದರು. ಒಂದು, ನಿದ್ರೆಯ ಹಸಿವು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗಿ ಈ ಹಸಿವು ಹೆಚ್ಚುತ್ತದೆ, ಮಲಗಿ ಎದ್ದಾಗ ಇಳಿಯುತ್ತದೆ. ಕಾಫಿ, ಚಹಾದಲ್ಲಿರುವ ಕೆಫೀನ್ ಈ ಅಡೆನೋಸಿನ್ ಕೆಲಸಕ್ಕೆ ಅಡ್ಡ ಬರುವುದರಿಂದಲೇ ನಿದ್ರೆ ಹಾರಿಹೋಗುವುದು. ಎರಡನೆಯದು, ದೇಹದೊಳಗಿನ ಗಡಿಯಾರ. ಇದು ಬೆಳಕು ಮತ್ತು ಕತ್ತಲೆಯನ್ನು ನೋಡಿಕೊಂಡು ನಡೆಯುತ್ತದೆ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಹೊರಟು ರಾತ್ರಿಯಾಯಿತೆಂದು ದೇಹಕ್ಕೆ ಸೂಚಿಸುತ್ತದೆ. ಪ್ರಖರವಾದ ಬೆಳಕು ಕಣ್ಣಿಗೆ ಬಿದ್ದರೆ ಈ ಸೂಚನೆ ತಡವಾಗುತ್ತದೆ.

ಬೆಳಕಿನ ಪ್ರಭಾವವನ್ನು ಸೇವಂತಿಗೆ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸೇವಂತಿಗೆ ದೀರ್ಘ ರಾತ್ರಿಗಳಲ್ಲಿ ಮೊಗ್ಗು ಬಿಡುವ ಗಿಡ. ನಡುರಾತ್ರಿ ಕೆಲವು ಗಂಟೆ ಹೊಲದಲ್ಲಿ ಬಲ್ಬು ಉರಿಸಿದರೆ ಗಿಡ ರಾತ್ರಿಯ ಲೆಕ್ಕ ತಪ್ಪಿ ಹೂ ಬಿಡುವುದನ್ನು ಮುಂದೂಡುತ್ತದೆ. ಬೆಳಕು ಗಿಡದ ಮೇಲೆ ಕೆಲಸ ಮಾಡುವ ರೀತಿ ಬೇರೆ, ಮನುಷ್ಯನ ಮೇಲೆ ಮಾಡುವ ರೀತಿ ಬೇರೆ. ಆದರೆ ರಾತ್ರಿಯ ನಡುವೆ ಬಿದ್ದ ಬೆಳಕು ಎರಡರ ಲೆಕ್ಕವನ್ನೂ ಕೆಡಿಸುತ್ತದೆ.

ದೇಹದ ಮೇಲಾಗುವ ಪರಿಣಾಮಗಳು

1. ಸಕ್ಕರೆ ಕಾಯಿಲೆ: ಚಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 11 ಮಂದಿ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ತಲಾ 4 ಗಂಟೆ ಮಾತ್ರ ಮಲಗಲು ಬಿಡಲಾಯಿತು. ಅಷ್ಟರಲ್ಲಿಯೇ ಅವರ ದೇಹ ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವ ವೇಗ, ನಿದ್ರೆ ತುಂಬಿದ ದಿನಗಳಿಗಿಂತ ಶೇಕಡ 40ರಷ್ಟು ಕಡಿಮೆಯಾಗಿತ್ತು. ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

2. ಹಸಿವು ಮತ್ತು ತೂಕ: ಅದೇ ತಂಡದವರು 2004ರಲ್ಲಿ ಪ್ರಕಟಿಸಿದಂತೆ, ಎರಡು ರಾತ್ರಿ ನಿದ್ರೆ ಕಡಿಮೆಯಾದರೂ ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಹಾರ್ಮೋನು ಶೇಕಡ 18ರಷ್ಟು ಇಳಿದು, ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಶೇಕಡ 28ರಷ್ಟು ಏರಿತು. ನಿದ್ರೆಗೆಟ್ಟವರಿಗೆ ಸಿಹಿ ಮತ್ತು ಕರಿದ ತಿಂಡಿಯ ಕಡೆಗೆ ಮನಸ್ಸು ಹೆಚ್ಚು ಎಳೆಯುವುದು ಈ ಕಾರಣದಿಂದ.

3. ಹೃದಯ ಮತ್ತು ರಕ್ತದೊತ್ತಡ: ರಾತ್ರಿ ಇಳಿಯಬೇಕಾದ ರಕ್ತದೊತ್ತಡ ಎಚ್ಚರವಿದ್ದಾಗ ಇಳಿಯುವುದಿಲ್ಲ. ದೀರ್ಘಕಾಲ ನಿದ್ರಾಹೀನತೆಯಿಂದ ನರಳುವವರಲ್ಲಿ, ಅದರಲ್ಲಿಯೂ ನಿದ್ರೆಯ ಅವಧಿ ನಿಜವಾಗಿಯೂ ಬಹಳ ಕಡಿಮೆಯಿರುವವರಲ್ಲಿ, ರಕ್ತದೊತ್ತಡ ಮತ್ತು ಹೃದ್ರೋಗದ ಸಂಭವ ಹೆಚ್ಚೆಂದು ಕಂಡುಬಂದಿದೆ. ಅಮೆರಿಕದ ಹೃದ್ರೋಗ ಸಂಘವು 2022ರಲ್ಲಿ ಹೃದಯದ ಆರೋಗ್ಯಕ್ಕೆ ಬೇಕಾದ ಎಂಟು ಅಂಶಗಳಲ್ಲಿ ನಿದ್ರೆಯನ್ನೂ ಒಂದಾಗಿ ಸೇರಿಸಿತು.

4. ರೋಗ ನಿರೋಧಕ ಶಕ್ತಿ: 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 153 ಮಂದಿಯ ಮೂಗಿಗೆ ನೆಗಡಿಯ ವೈರಾಣುವನ್ನು ಹಾಕಿ ಪರೀಕ್ಷಿಸಲಾಯಿತು. 7 ಗಂಟೆಗಿಂತ ಕಡಿಮೆ ನಿದ್ರಿಸುತ್ತಿದ್ದವರಿಗೆ ನೆಗಡಿ ಬರುವ ಸಂಭವ, 8 ಗಂಟೆ ಅಥವಾ ಹೆಚ್ಚು ನಿದ್ರಿಸುತ್ತಿದ್ದವರಿಗಿಂತ ಮೂರು ಪಟ್ಟಿನಷ್ಟಿತ್ತು.

5. ನೋವು: ನಿದ್ರೆ ಕಡಿಮೆಯಾದಾಗ ಸೊಂಟನೋವು, ಮಂಡಿನೋವು ಹೆಚ್ಚು ಬಾಧಿಸುತ್ತವೆ. ನೋವಿನಿಂದ ನಿದ್ರೆ ಮತ್ತೆ ಕೆಡುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತದೆ.

ಮನಸ್ಸಿನ ಮೇಲಾಗುವ ಪರಿಣಾಮಗಳು

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಿದೆ. ಚಿಂತೆಯಿಂದ ನಿದ್ರೆ ಕೆಡುತ್ತದೆ ಎಂಬುದು ನಿಜ. ಆದರೆ ಅದು ಅರ್ಧ ಸತ್ಯ. ನಿದ್ರೆ ಕೆಟ್ಟುದರಿಂದಲೂ ಮನಸ್ಸು ಕೆಡುತ್ತದೆ ಎಂಬುದು ಉಳಿದರ್ಧ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನಡೆಸಿದ ಪರಿಶೀಲನೆಯಿಂದ, ಆರಂಭದಲ್ಲಿ ಖಿನ್ನತೆಯಿಲ್ಲದೆ ನಿದ್ರಾಹೀನತೆ ಮಾತ್ರ ಇದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ, ಚೆನ್ನಾಗಿ ನಿದ್ರಿಸುವವರಿಗಿಂತ ಸುಮಾರು ಎರಡು ಪಟ್ಟು ಎಂದು ತಿಳಿದುಬಂದಿತು. ಆದುದರಿಂದ ನಿದ್ರಾಹೀನತೆಯನ್ನು ಚಿಂತೆಯ ನೆರಳು ಎಂದು ತಳ್ಳಿಹಾಕದೆ ಅದನ್ನೇ ಒಂದು ಕಾಯಿಲೆಯಾಗಿ ನೋಡಬೇಕು.

ಮೊದಮೊದಲು ಕಾಣುವ ಗುರುತುಗಳು ಇವು: ಸಣ್ಣ ಮಾತಿಗೂ ಸಿಡುಕು, ಮರೆವು, ಲೆಕ್ಕದಲ್ಲಿ ತಪ್ಪು, ಯಾವ ತೀರ್ಮಾನವನ್ನೂ ಮಾಡಲಾಗದೆ ಮುಂದೂಡುವುದು, ಹಿಂದೆ ಸಂತೋಷ ಕೊಡುತ್ತಿದ್ದ ಕೆಲಸದಲ್ಲಿ ಬೇಸರ. ಮನೆಯವರು ಇದನ್ನು ಸೋಮಾರಿತನ ಅಥವಾ ಕೋಪಿಷ್ಠ ಸ್ವಭಾವ ಎಂದು ತಿಳಿಯುವುದುಂಟು. ನಡುರಾತ್ರಿ ಒಬ್ಬರೇ ಎಚ್ಚರವಾಗಿ ಬಿದ್ದುಕೊಂಡಾಗ ಸಾಲದ ಹೊರೆ ಹಗಲಿಗಿಂತ ದೊಡ್ಡದಾಗಿ ಕಾಣುತ್ತದೆ. ಬದುಕಿ ಪ್ರಯೋಜನವಿಲ್ಲ ಎಂಬ ಆಲೋಚನೆ ಬರುವುದಕ್ಕೆ ನಿದ್ರಾಹೀನತೆಯೂ ಒಂದು ಕಾರಣವಾಗಬಲ್ಲದು. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ರೆಯಿಲ್ಲದೆ ಮಂಕಾಗಿ, ಮಾತು ಕಡಿಮೆ ಮಾಡಿದ್ದರೆ ಹತ್ತಿರ ಕುಳಿತು ವಿಚಾರಿಸಬೇಕು. ಹಾಗೆ ನೇರವಾಗಿ ಕೇಳುವುದರಿಂದ ಕೆಟ್ಟ ಆಲೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರವಾಗುತ್ತದೆ. ಕೀಟನಾಶಕಗಳನ್ನು ಮನೆಯೊಳಗೆ ಇಡದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಬೇರೊಬ್ಬರ ಬಳಿ ಇರಿಸುವುದು ಜೀವ ಉಳಿಸುವ ಕ್ರಮ.

ಹೊಲದ ಕೆಲಸದಲ್ಲಿ ಅಪಾಯ

ನಿದ್ರೆಗೆಟ್ಟವರ ಕೈಕಾಲು ಕುಡಿದವರ ಕೈಕಾಲಿನಂತೆ ಎಂಬುದು ಉತ್ಪ್ರೇಕ್ಷೆಯ ಮಾತಲ್ಲ. ಆಸ್ಟ್ರೇಲಿಯಾದಲ್ಲಿ 1997ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ಸತತವಾಗಿ 17 ಗಂಟೆ ಎಚ್ಚರವಿದ್ದವರ ಕೈಚಳಕ, 100 ಮಿಲಿ ಲೀಟರ್ ರಕ್ತದಲ್ಲಿ 50 ಮಿಲಿ ಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ವಿಧಿಸಿರುವ ಮಿತಿ 30 ಮಿಲಿ ಗ್ರಾಂ ಮಾತ್ರ. ಬೆಳಿಗ್ಗೆ 5ಕ್ಕೆ ಎದ್ದ ರೈತನಿಗೆ ರಾತ್ರಿ 10 ಗಂಟೆಗೆ 17 ಗಂಟೆ ತುಂಬುತ್ತದೆ. ರಾತ್ರಿ ಪಾಳಿಯ ಕರೆಂಟು ಬರುವುದು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದು, ಕತ್ತಲಲ್ಲಿ ಬದುವಿನ ಮೇಲೆ ನಡೆಯುವುದು ಅದರ ನಂತರ.

ಇನ್ನೊಂದು ಮುಖ್ಯ ಸಂಗತಿ 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಿಂದ ತಿಳಿದುಬಂದಿದೆ. ಎರಡು ವಾರ ಪ್ರತಿ ರಾತ್ರಿ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ ಶಕ್ತಿ, ಎರಡು ರಾತ್ರಿಯವರೆಗೆ ಪೂರ್ತಿ ನಿದ್ರೆಗೆಟ್ಟವರ ಮಟ್ಟಕ್ಕೆ ಕುಸಿಯಿತು. ಆದರೆ ತಮ್ಮ ಶಕ್ತಿ ಅಷ್ಟು ಕುಸಿದಿದೆಯೆಂದು ಅವರಿಗೇ ಅನ್ನಿಸಲಿಲ್ಲ. ಅಂದರೆ, ಅಭ್ಯಾಸವಾಗಿದೆ, ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬುವಂತಿಲ್ಲ. ಲೀಟರಿಗೆ 2 ಮಿಲಿ ಹಾಕಬೇಕಾದ ಔಷಧಿಯನ್ನು ತಪ್ಪು ಅಳತೆಯಲ್ಲಿ ಬೆರೆಸುವುದು, ಮೇವು ಕತ್ತರಿಸುವ ಯಂತ್ರಕ್ಕೆ ಅಥವಾ ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕುವುದು, ಟ್ರಾಕ್ಟರ್ ಮಗುಚುವುದು ಇಂತಹ ಮಂಪರಿನ ಗಳಿಗೆಯಲ್ಲಿಯೇ. ರಾತ್ರಿ ನೀರು ಹಾಯಿಸಿದ ಮರುದಿನ ಬೆಳಿಗ್ಗೆ ಈ ಮೂರು ಕೆಲಸಗಳನ್ನು ಇಟ್ಟುಕೊಳ್ಳಬಾರದು.

ಸಿಂಪರಣೆಯ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಕ್ವಿನಾಲ್‌ಫಾಸ್ ಮುಂತಾದ ರಂಜಕಯುಕ್ತ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕಿಣ್ವವೊಂದನ್ನು ತಡೆಯುತ್ತವೆ. ಇವು ಮೈಗೆ ಸೇರಿದಾಗ ಕಾಣುವ ಚಿಹ್ನೆಗಳಲ್ಲಿ ನಿದ್ರೆ ಬಾರದಿರುವುದು, ಕೆಟ್ಟ ಕನಸು, ಕಾರಣವಿಲ್ಲದ ತಳಮಳ ಕೂಡ ಸೇರಿವೆ. ಸಿಂಪರಣೆಯ ದಿನಗಳಲ್ಲಿ ಇವುಗಳ ಜೊತೆಗೆ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ಔಷಧಿಯ ಡಬ್ಬಿಯ ಚೀಟಿಯೊಡನೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿದ್ರಾಹೀನತೆ ಬೇರೂರುವ ಬಗೆ

ಕಾಲುವೆ ನೀರು ಮಿತಿಮೀರಿ ಹರಿಸಿದ ಜಮೀನು ಸವಳಾಗುವುದನ್ನು ಅಚ್ಚುಕಟ್ಟು ಪ್ರದೇಶದ ರೈತರು ಬಲ್ಲರು. ನೀರು ನಿಲ್ಲಿಸಿದ ಮಾತ್ರಕ್ಕೆ ಸವಳು ಹೋಗುವುದಿಲ್ಲ. ಮೇಲೆ ಬಂದ ಲವಣ ಅಲ್ಲಿಯೇ ಉಳಿಯುತ್ತದೆ. ಬಸಿಗಾಲುವೆ ತೆಗೆದು ಲವಣವನ್ನು ತೊಳೆದು ಹೊರಹಾಕಬೇಕಾಗುತ್ತದೆ. ನಿದ್ರಾಹೀನತೆಯೂ ಹೀಗೆಯೇ. ಅದನ್ನು ಹುಟ್ಟಿಸಿದ ಕಾರಣ ಹೋದ ಮೇಲೂ ಅದು ಉಳಿಯಬಲ್ಲದು.

ಉದಾಹರಣೆಗೆ, ಎರಡು ಎಕರೆ ಕೊಳವೆ ಬಾವಿಯ ತೋಟವಿರುವ ರೈತನೊಬ್ಬ ಬೇಸಿಗೆಯಲ್ಲಿ ಮೂರು ತಿಂಗಳು ರಾತ್ರಿ ಒಂದಕ್ಕೆ ಎದ್ದು ನೀರು ಹಾಯಿಸಿದನೆಂದು ಇಟ್ಟುಕೊಳ್ಳೋಣ. ಮಳೆಗಾಲ ಬಂದು ರಾತ್ರಿಯ ಕೆಲಸ ನಿಂತಿತು. ಆದರೂ ಒಂದು ಗಂಟೆಗೆ ಸರಿಯಾಗಿ ಎಚ್ಚರವಾಗುತ್ತದೆ. ಹೋದ ನಿದ್ರೆಯನ್ನು ಕೂಡಿಸಿಕೊಳ್ಳಲು ಆತ ಎಂಟಕ್ಕೇ ಮಲಗತೊಡಗುತ್ತಾನೆ, ಮಧ್ಯಾಹ್ನ ಎರಡು ಗಂಟೆ ನಿದ್ರೆ ಮಾಡುತ್ತಾನೆ, ಸಂಜೆ ಮಂಪರು ಕಳೆಯಲು ಮೂರು ಲೋಟ ಚಹಾ ಕುಡಿಯುತ್ತಾನೆ. ರಾತ್ರಿ ನಿದ್ರೆ ಬಾರದೆ ಹೊರಳಾಡುತ್ತಾ ಮೊಬೈಲಿನಲ್ಲಿ ಗಂಟೆ ನೋಡುತ್ತಾನೆ. ಇವೆಲ್ಲವೂ ಆತನ ಲೆಕ್ಕದಲ್ಲಿ ಪರಿಹಾರಗಳು. ವಾಸ್ತವವಾಗಿ ನಿದ್ರಾಹೀನತೆಯನ್ನು ಉಳಿಸಿಕೊಂಡಿರುವುದು ಇವೇ. ಮಧ್ಯಾಹ್ನದ ನಿದ್ರೆ ಮತ್ತು ಚಹಾ ರಾತ್ರಿಯ ನಿದ್ರೆಯ ಹಸಿವನ್ನು ಕೊಲ್ಲುತ್ತವೆ. ಗಂಟೆಗಟ್ಟಲೆ ಎಚ್ಚರವಾಗಿ ಮಲಗಿದ್ದರಿಂದ ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಹೀಗೆ ಕಲಿತದ್ದನ್ನು ಮರೆಸುವುದೇ ಚಿಕಿತ್ಸೆಯ ತಿರುಳು.

ಬೇಸಾಯದ ಏರ್ಪಾಟಿನಲ್ಲಿ ಪರಿಹಾರ

ರಾತ್ರಿಯ ಕೆಲಸವನ್ನು ಪೂರ್ತಿ ತಪ್ಪಿಸಲು ಎಲ್ಲರಿಗೂ ಸಾಧ್ಯವಾಗದು. ಕಡಿಮೆ ಮಾಡಿಕೊಳ್ಳಲು ಕೆಳಗಿನ ಕ್ರಮಗಳು ನೆರವಾಗುತ್ತವೆ.

1. ಕರೆಂಟು ಬಂದಿತೆಂಬ ಕಾರಣಕ್ಕೆ ಪ್ರತಿ ರಾತ್ರಿ ನೀರು ಹಾಯಿಸಬೇಕಾಗಿಲ್ಲ. ಬೇರಿನ ವಲಯದ ಮಣ್ಣನ್ನು ಅಂಗೈಯಲ್ಲಿ ಹಿಡಿದು ಅದುಮಿ ನೋಡಬೇಕು. ಉಂಡೆ ಕಟ್ಟಿ ನಿಂತರೆ ತೇವ ಸಾಕಷ್ಟಿದೆ. ಪುಡಿಯಾದರೆ ನೀರು ಬೇಕು. ಎರೆಭೂಮಿ ಕೆಂಪು ಮರಳು ಮಿಶ್ರಿತ ಮಣ್ಣಿಗಿಂತ ಹೆಚ್ಚು ನೀರನ್ನು ಹಿಡಿದಿಡುವುದರಿಂದ ಅಲ್ಲಿ ನೀರಿನ ಅಂತರವನ್ನು ಹೆಚ್ಚಿಸಬಹುದು. ತರಗು, ಒಣಹುಲ್ಲಿನ ಹೊದಿಕೆ ಹಾಕಿದರೆ ತೇವ ಇನ್ನೂ ಹೆಚ್ಚು ದಿನ ಉಳಿಯುತ್ತದೆ.

2. ರಾತ್ರಿಯ ನೀರನ್ನು ತೊಟ್ಟಿಗೆ ಅಥವಾ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ತುಂಬಿಸಿಕೊಂಡು, ಹಗಲಿನಲ್ಲಿ ಹನಿ ನೀರಾವರಿಯ ಮೂಲಕ ಕೊಡಬಹುದು.

3. ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರ್ ಅಳವಡಿಸಿದರೆ ಹೊಲಕ್ಕೆ ಹೋಗುವುದು ತಪ್ಪುತ್ತದೆ. ನೀರು ನಿಂತಾಗ ಮೋಟಾರು ತಾನಾಗಿ ನಿಲ್ಲುವ ರಕ್ಷಣೆ ಅದರಲ್ಲಿ ಇರಬೇಕು.

4. ಸೌರ ಪಂಪ್‌ಸೆಟ್ಟಿನಿಂದ ಹಗಲಿನಲ್ಲಿಯೇ ನೀರೆತ್ತಬಹುದು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಉದ್ದೇಶಗಳಲ್ಲಿ ಸೌರ ಪಂಪ್‌ಸೆಟ್ಟುಗಳಿಗೆ ಸಹಾಯಧನ ಕೊಡುವುದೂ ಪಂಪ್‌ಸೆಟ್ ಫೀಡರುಗಳಿಗೆ ಸೌರ ವಿದ್ಯುತ್ತು ಒದಗಿಸುವುದೂ ಸೇರಿವೆ.

5. ಕಾವಲಿನ ಕೆಲಸವನ್ನು ಅಕ್ಕಪಕ್ಕದ ಹೊಲದವರು ಸರದಿಯ ಮೇಲೆ ಹಂಚಿಕೊಂಡರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದೆರಡು ರಾತ್ರಿ ಮಾತ್ರ ಬೀಳುತ್ತದೆ. ನಾಲ್ಕಾರು ಮಂದಿ ಸೇರಿ ಸೌರ ಬೇಲಿ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ.

6. ರಾತ್ರಿ ಕೆಲಸ ತಪ್ಪದ ದಿನ ಸಂಜೆಯೇ ಒಂದೂವರೆ ಗಂಟೆ ಮಲಗಿ ಏಳಬೇಕು. ಮರುದಿನ ಕೆಲಸ ಹಗುರವಾಗಿರಬೇಕು. ಮನೆಯ ಹೆಂಗಸರಿಗೂ ಇದೇ ಬಿಡುವು ಸಿಗುವಂತೆ ಹಾಲು ಕರೆಯುವುದು ಮುಂತಾದ ಮುಂಜಾನೆಯ ಕೆಲಸಗಳನ್ನು ಹಂಚಿಕೊಳ್ಳಬೇಕು.

ಹಾಸಿಗೆಯ ಶಿಸ್ತು

ಬೇರೂರಿದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಕ್ರಮ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಶಿಫಾರಸು ಮಾಡಿತು. ಅದರ ಮುಖ್ಯ ಅಂಶಗಳು ಹೀಗಿವೆ.

1. ಎರಡು ವಾರ ನಿದ್ರೆಯ ಲೆಕ್ಕ ಬರೆದಿಡಬೇಕು. ಮಲಗಿದ ಹೊತ್ತು, ನಿದ್ರೆ ಬಂದ ಅಂದಾಜು ಹೊತ್ತು, ನಡುವೆ ಎಚ್ಚರವಿದ್ದ ಅವಧಿ, ಎದ್ದ ಹೊತ್ತು ಇಷ್ಟು ಸಾಕು. ಇದನ್ನು ಬೆಳಿಗ್ಗೆ ಎದ್ದ ಮೇಲೆ ಬರೆಯಬೇಕು, ರಾತ್ರಿ ಗಂಟೆ ನೋಡುತ್ತಾ ಕೂರಬಾರದು.

2. ಎಷ್ಟೇ ಕಡಿಮೆ ನಿದ್ರೆಯಾಗಿರಲಿ, ಪ್ರತಿದಿನ ಒಂದೇ ಹೊತ್ತಿಗೆ ಏಳಬೇಕು. ಎದ್ದೊಡನೆ ಬಯಲ ಬೆಳಕಿಗೆ ಬರಬೇಕು. ಬೆಳಗಿನ ಬಿಸಿಲು ದೇಹದ ಗಡಿಯಾರಕ್ಕೆ ಕೀಲಿ ಕೊಡುತ್ತದೆ.

3. ನಿದ್ರೆ ತೂಗುವವರೆಗೆ ಹಾಸಿಗೆಗೆ ಹೋಗಬಾರದು. ಮಲಗಿ ಸುಮಾರು 20 ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಜಗುಲಿಯ ಮೇಲೆ ಕೂರಬೇಕು. ನಿದ್ರೆ ತೂಗಿದಾಗ ಮತ್ತೆ ಮಲಗಬೇಕು. ರಾತ್ರಿಗೆ ನಾಲ್ಕು ಬಾರಿಯಾದರೂ ಹೀಗೆಯೇ ಮಾಡಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಬೂಟ್ಜಿನ್ 1972ರಲ್ಲಿ ಸೂಚಿಸಿದ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ.

4. ಹಾಸಿಗೆಯ ಹೊತ್ತನ್ನು ನಿದ್ರೆಯ ಹೊತ್ತಿಗೆ ಹೊಂದಿಸಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 9 ಗಂಟೆ ಮಲಗಿ ಐದೂವರೆ ಗಂಟೆ ಮಾತ್ರ ನಿದ್ರಿಸುವವರಿಗೆ ನೂರರಲ್ಲಿ 61 ಪಾಲು ಮಾತ್ರ ನಿದ್ರೆ. ಇಂತಹವರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ 6 ಗಂಟೆ ಮಾತ್ರ ಹಾಸಿಗೆಯಲ್ಲಿರಬೇಕು. ಆರಂಭದಲ್ಲಿ ಕಷ್ಟವಾದರೂ ನಿದ್ರೆಯ ಹಸಿವು ಕೂಡಿಕೊಂಡು ನಿದ್ರೆ ಗಟ್ಟಿಯಾಗುತ್ತದೆ. ಆರು ಗಂಟೆಯಲ್ಲಿ ಐದೂಕಾಲು ಗಂಟೆ ನಿದ್ರೆ ಬಂದರೆ ಅದು ನೂರಕ್ಕೆ 87ಕ್ಕೂ ಹೆಚ್ಚು. 85 ದಾಟಿದ ವಾರ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತರಬಹುದು. ಹೀಗೆ ವಾರ ವಾರವೂ ಮುಂದುವರಿಸಬೇಕು. ಹಾಸಿಗೆಯ ಹೊತ್ತನ್ನು 5 ಗಂಟೆಗಿಂತ ಕಡಿಮೆ ಮಾಡಬಾರದು. ಮೂರ್ಛೆ ರೋಗವಿರುವವರು, ತೀವ್ರ ಮನೋರೋಗವಿರುವವರು ವೈದ್ಯರನ್ನು ಕೇಳದೆ ಈ ಕ್ರಮವನ್ನು ಅನುಸರಿಸಕೂಡದು. ಮೊದಲ ವಾರಗಳಲ್ಲಿ ಹಗಲು ಮಂಪರು ಇರುವುದರಿಂದ ವಾಹನ ಮತ್ತು ಯಂತ್ರಗಳಿಂದ ದೂರವಿರಬೇಕು.

5. ಕೆಫೀನಿನ ಅರ್ಧ ಭಾಗ ಇಳಿಯಲು ದೇಹಕ್ಕೆ ಐದಾರು ಗಂಟೆ ಬೇಕು. ಆದುದರಿಂದ ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡ. ಬೀಡಿ, ಸಿಗರೇಟು, ಹೊಗೆಸೊಪ್ಪು ಕೂಡ ನಿದ್ರೆ ಓಡಿಸುತ್ತವೆ.

6. ಸಂಜೆ ಏಳರ ಹೊತ್ತಿಗೆ ಹತ್ತು ನಿಮಿಷ ಕುಳಿತು ಚಿಂತೆಗಳನ್ನೂ ನಾಳೆ ಮಾಡಬೇಕಾದ ಕೆಲಸವನ್ನೂ ಕಾಗದದಲ್ಲಿ ಬರೆದಿಡಬೇಕು. ಸಾಲದ ಲೆಕ್ಕವನ್ನು ದಿಂಬಿನ ಮೇಲೆ ಹಾಕಬಾರದು.

ಒಂದು ವ್ಯತ್ಯಾಸ ನೆನಪಿರಲಿ. ಹಗಲು ನಿದ್ರೆ ಕೆಲಸದಿಂದ ನಿದ್ರೆಗೆಟ್ಟವರಿಗೆ ಔಷಧಿ, ನಿದ್ರೆ ಬಾರದವರಿಗೆ ಅಪಥ್ಯ.

ಮಾತ್ರೆ ಮತ್ತು ಮದ್ಯ

ಮದ್ಯ ಕುಡಿದರೆ ನಿದ್ರೆ ಬೇಗ ಹತ್ತುವುದು ನಿಜ. ಆದರೆ ಅಮಲು ಇಳಿಯುತ್ತಿದ್ದಂತೆ ರಾತ್ರಿಯ ಎರಡನೆಯ ಭಾಗದ ನಿದ್ರೆ ಚೂರುಚೂರಾಗುತ್ತದೆ. ಕೆಲವೇ ವಾರಗಳಲ್ಲಿ ಅಷ್ಟೇ ಪ್ರಮಾಣ ಸಾಲದೆ ಹೆಚ್ಚು ಬೇಕಾಗುತ್ತದೆ. ಆಲ್‌ಪ್ರಜೋಲಾಂ ಮುಂತಾದ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಕೊಳ್ಳಲೂಬಾರದು. ಇವು ಅಲ್ಪಾವಧಿಗೆ ಮಾತ್ರ. ಹೆಚ್ಚು ಕಾಲ ತೆಗೆದುಕೊಂಡರೆ ಅವಲಂಬನೆ ಬೆಳೆಯುತ್ತದೆ. ವಯಸ್ಸಾದವರು ರಾತ್ರಿ ಎದ್ದಾಗ ಬೀಳುವ ಅಪಾಯವೂ ಉಂಟು. ಮದ್ಯದ ಜೊತೆ ಸೇರಿದರೆ ಪ್ರಾಣಾಪಾಯ. ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸದೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಜೋರಾದ ಗೊರಕೆಯ ನಡುವೆ ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದು, ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವುದು, ಸಂಜೆಯಾದೊಡನೆ ಕಾಲುಗಳಲ್ಲಿ ತಳಮಳವಾಗಿ ಆಡಿಸದೆ ಇರಲಾಗದಿರುವುದು, ಇವುಗಳ ಹಿಂದೆ ಬೇರೆ ಕಾಯಿಲೆ ಇರಬಹುದು. ಕಾಲಿನ ತಳಮಳಕ್ಕೆ ಕಬ್ಬಿಣಾಂಶದ ಕೊರತೆ ಒಂದು ಕಾರಣವಾದುದರಿಂದ ರಕ್ತಹೀನತೆಯಿರುವ ಮಹಿಳೆಯರು ಪರೀಕ್ಷೆ ಮಾಡಿಸಬೇಕು. ಮೂರು ತಿಂಗಳಿನಿಂದ ನಿದ್ರೆಯಿಲ್ಲದವರು, ನಿದ್ರೆಯಿಲ್ಲದೆ ಮನಸ್ಸು ಕುಗ್ಗಿರುವವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಮನಸ್ಸಿನ ಕಾಯಿಲೆಗಳಿಗೆ ಹಳ್ಳಿಯ ಮಟ್ಟದಲ್ಲಿಯೇ ಚಿಕಿತ್ಸೆ ಕೊಡಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಬದುಕು ಸಾಕೆನ್ನಿಸಿದವರು ಅಥವಾ ಅವರ ಮನೆಯವರು 14416 ಸಂಖ್ಯೆಗೆ ಯಾವುದೇ ಹೊತ್ತಿನಲ್ಲಿ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ. ಕನ್ನಡದಲ್ಲಿಯೇ ಮಾತನಾಡಬಹುದು.

ಒಟ್ಟಿನಲ್ಲಿ, ನಿದ್ರೆಯನ್ನು ಬೇಸಾಯದ ಖರ್ಚುವೆಚ್ಚದಲ್ಲಿ ಉಳಿತಾಯದ ಬಾಬತ್ತು ಎಂದು ತಿಳಿಯುವುದು ತಪ್ಪು ಲೆಕ್ಕ. ರಾತ್ರಿ ಉಳಿಸಿದ ಎರಡು ಗಂಟೆಯನ್ನು ದೇಹ ಸಕ್ಕರೆ ಕಾಯಿಲೆಯಾಗಿ, ರಕ್ತದೊತ್ತಡವಾಗಿ, ಮನಸ್ಸಿನ ಕುಗ್ಗುವಿಕೆಯಾಗಿ, ಕೆಲವೊಮ್ಮೆ ಯಂತ್ರಕ್ಕೆ ಸಿಕ್ಕಿದ ಕೈಯಾಗಿ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಹೊತ್ತು ಸಿಗದವರು ಹೊಲದ ಏರ್ಪಾಟನ್ನು ತಿದ್ದಿಕೊಳ್ಳಬೇಕು. ನಿದ್ರೆ ಬಾರದವರು ಹಾಸಿಗೆಯ ಅಭ್ಯಾಸವನ್ನು ತಿದ್ದಿಕೊಳ್ಳಬೇಕು, ಅದರಿಂದ ಗುಣವಾಗದಿದ್ದರೆ ಸಂಕೋಚಪಡದೆ ವೈದ್ಯರ ಬಳಿ ಹೋಗಬೇಕು. ಈ ವಾರ ಮಾಡಬಹುದಾದ ಮೊದಲ ಕೆಲಸ ಖರ್ಚಿಲ್ಲದ್ದು: ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ, ಮನೆಯಲ್ಲಿ ಪ್ರತಿಯೊಬ್ಬರೂ ಎಷ್ಟು ಗಂಟೆ ನಿದ್ರಿಸಿದರೆಂಬ ಲೆಕ್ಕವನ್ನೂ ಬರೆಯುತ್ತಾ ಬರುವುದು.